ಇಲಿಗಳಿಗೆ ಬಡಿಸಿದ ಊಟ

ನಮ್ಮ ಮನೆಗೆ ಹಾವು ಬಂದದ್ದು ಬಾದಾಮಿಯಿಂದ. ನನ್ನ ಗಂಡನ ಗೆಳೆಯರೊಬ್ಬರು ಅದನ್ನು ಅಲ್ಲಿ ಸಾಕಿಕೊಂಡಿದ್ದರು. ಮದುವೆಯಾಗಿ ಬಂದ ಅವರ ಹೆಂಡತಿ ಹೊಸಿಲಲ್ಲೇ ನಿಂತು, ಈ ಮನೆಯಲ್ಲಿ ಹಾವಿರಬೇಕು ಇಲ್ಲವೇ ತಾನಿರಬೇಕು ಎಂದಳಂತೆ. ಆಕೆ ಬುದ್ಧಿವಂತೆ. ನನಗೆ ಹಾಗೆ ಹೇಳುವ ಹೊತ್ತು ಎಂದೋ ಮೀರಿಹೋಗಿತ್ತು. ಒಂದು ಭಾನುವಾರ ನನ್ನವರು ಗಾಜಿನ ಪೆಟ್ಟಿಗೆಯನ್ನು ಕಾರಿನಿಂದ ಇಳಿಸಿ ಇಳಕಲ್ಲಿನ ನಮ್ಮ ಮನೆಯೊಳಗೆ ತಂದಾಗ, ನಾನು ಹೊಲಿಗೆ ಯಂತ್ರದ ಮುಂದೆ ಬಾಯಲ್ಲಿ ದಾರ ಕಚ್ಚಿಕೊಂಡು ಕೂತಿದ್ದೆ. ಬೈಯಬೇಕೆಂದರೂ ಬಾಯಿ ತೆರೆಯಲಾಗಲಿಲ್ಲ.

ನನ್ನವರು ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದಾರೆ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಕಲ್ಲು ಕೊಯ್ಯುವ ಸದ್ದು, ಮನೆಗೆ ಬಂದರೆ ನನ್ನ ಹೊಲಿಗೆ ಯಂತ್ರದ ಸದ್ದು. ಸದ್ದೇ ಮಾಡದ ಜೀವ ಮನೆಯಲ್ಲಿ ಒಂದಾದರೂ ಇರಲಿ ಎಂಬುದು ಅವರ ಆಸೆ. ನಮ್ಮ ಕಡೆಯ ಹಾವನ್ನು ಸಾಕಲು ಹೋದರೆ ಅರಣ್ಯ ಇಲಾಖೆಯವರು ಸುಮ್ಮನೆ ಬಿಡುವುದಿಲ್ಲ. ಇದು ಆಫ್ರಿಕಾದ ಗಿಡ್ಡ ಜಾತಿಯ ಹೆಬ್ಬಾವು, ವಿಷವಿಲ್ಲ, ಕಾಗದಪತ್ರಗಳೆಲ್ಲ ಸರಿಯಾಗಿವೆ ಎಂದು ಅವರು ಅತ್ತೆಗೆ ಬಿಡಿಸಿ ಬಿಡಿಸಿ ಹೇಳಿದರು.

"ಆಫ್ರಿಕಾದ್ದರ ಇರಲಿ, ಅಮೀನಗಡದ್ದರ ಇರಲಿ, ಹಾವು ಹಾವ" ಎಂದರು ಅತ್ತೆ. ಹಾಗೆಂದವರು ಸೆರಗು ಹೊದ್ದು ಬಾಗಿಲಿನಿಂದಲೇ ಕೈಮುಗಿದರು.

ಪೆಟ್ಟಿಗೆಯನ್ನು ಇಟ್ಟದ್ದು ಮಗ್ಗದ ಕೋಣೆಯಲ್ಲಿ. ಮಾವ ತೀರಿಕೊಂಡ ಮೇಲೆ ಮಗ್ಗವನ್ನು ಕೊಟ್ಟುಬಿಟ್ಟಿದ್ದೆವು. ನೇಯುವವರು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಯನ್ನು ನನ್ನವರು ಕಾರ್ಖಾನೆಯಲ್ಲಿ ಉಳಿದ ಗ್ರಾನೈಟ್ ತುಂಡುಗಳಿಂದ ಮುಚ್ಚಿದ್ದರು. ಆ ಕಲ್ಲಿನ ಮೇಲೆ ಹಾವಿನ ಪೆಟ್ಟಿಗೆ, ಎದುರಿನ ಮೂಲೆಯಲ್ಲಿ ಅದಕ್ಕೆ ಆಹಾರವಾಗಲು ಸಾಕಿದ ಬಿಳಿ ಇಲಿಗಳ ಡಬ್ಬ. ತಂತಿಯ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ ಅದು, ಒಳಗೆ ಜೋಳದ ಹೊಟ್ಟು ಹಾಸಿತ್ತು.

ಕೆಲವು ವಾರ ಅತ್ತೆ ಆ ಕೋಣೆಗೆ ಕಾಲಿಡಲಿಲ್ಲ. ಬಾಗಿಲಲ್ಲಿ ಕೂತು ಕಾಳು ಆರಿಸುತ್ತ ಓರೆಗಣ್ಣಿನಿಂದ ನೋಡುತ್ತಿದ್ದರು. ಒಂದು ದಿನ ತೀರ್ಪು ಕೊಟ್ಟರು: "ಉಂತೈತಿ, ಮಕ್ಕೊಂತೈತಿ, ಯಾರ ಕೂಡಾನೂ ಮಾತಾಡೂದಿಲ್ಲ. ಇದು ಹಾವಲ್ಲ, ಬೀಗರು." ನನ್ನ ತವರಿನಲ್ಲಿ ಎಲ್ಲರೂ ಮಿತಭಾಷಿಗಳು, ಅದರಲ್ಲೂ ನನ್ನ ಅಪ್ಪ. ಈ ಏಟು ಯಾರಿಗೆ ಎಂಬುದು ನನಗೆ ಚೆನ್ನಾಗಿ ಗೊತ್ತಾಯಿತು. ಆದರೂ ನಗು ತಡೆಯಲಾಗಲಿಲ್ಲ. ಅಂದಿನಿಂದ ಆ ಹಾವು ನಮ್ಮ ಮನೆಯಲ್ಲಿ ಬೀಗರಾಯಿತು.

ಬೀಗರು ಬಂದ ಹೊಸದರಲ್ಲೇ ಸೊರಗಿದರು. ಪೊರೆ ಒಂದೇ ಸಲಕ್ಕೆ ಕಳಚದೆ ಚೂರು ಚೂರಾಗಿ ಮೈಗೆ ಅಂಟಿಕೊಂಡಿತು, ಬೆನ್ನೆಲುಬು ಎದ್ದು ಕಾಣತೊಡಗಿತು. ಬಾಗಲಕೋಟೆಯ ನವನಗರದಲ್ಲಿ ಇಂಥ ಪ್ರಾಣಿಗಳನ್ನು ನೋಡುವ ಪಶುವೈದ್ಯರೊಬ್ಬರಿದ್ದಾರೆಂದು ತಿಳಿದು ಅಲ್ಲಿಗೆ ಹೊರಟೆವು. ಅತ್ತೆಗೆ ಸಕ್ಕರೆ ಕಾಯಿಲೆ. ಅವರ ತಪಾಸಣೆಯೂ ಅಂದೇ ಇದ್ದುದರಿಂದ ಅವರನ್ನೂ ಕರೆದುಕೊಂಡೆವು. ಹುನಗುಂದ ದಾಟಿ ಕಮತಗಿ ಬರುವ ತನಕ ಅವರು ಕಾರಿನ ಮುಂದಿನ ಸೀಟಿನಲ್ಲಿ ಗಟ್ಟಿಯಾಗಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕದ ಬುಟ್ಟಿಯಲ್ಲಿ ಬಟ್ಟೆಯ ಚೀಲದೊಳಗೆ ಬೀಗರು.

ಡಾಕ್ಟರು ಹಾವನ್ನು ಹೊರಳಿಸಿ ನೋಡಿ, ತೂಕ ಮಾಡಿ, ಕೊನೆಗೆ ಕೇಳಿದ್ದು ಇಲಿಗಳ ವಿಷಯ.

"ಇಲಿಗೆ ಏನ್ ಹಾಕ್ತೀರಿ?"

"ಏನ್ ಉಳಿದಿರ್ತೈತಿ ಅದನ್ನ ಹಾಕ್ತೇನ್ರಿ ಸರ್. ನುಚ್ಚು, ಅನ್ನ" ಎಂದರು ನನ್ನವರು. "ಹಾವಿಗೆ ಕೊಡೂ ದಿನ ಏನೂ ಹಾಕೂದಿಲ್ರಿ. ಹೆಂಗಿದ್ರೂ ಹೋಗೂದ ಐತಲ್ರಿ."

"ಅಲ್ಲೇ ತಪ್ಪಿದ್ದು ನೋಡ್ರಿ. ಹಾವಿಗೆ ಅಂತ ಬ್ಯಾರೆ ಟಾನಿಕ್ ಇಲ್ಲ. ಇಲಿ ಏನ್ ಉಂಡಿರ್ತೈತಿ, ಹಾವು ಅದನ್ನ ಉಂಡಂಗ. ಹಸದ ಇಲಿ ಕೊಟ್ರ ಬರೇ ಎಲುಬು ತೊಗಲು ಕೊಟ್ಟಂಗ. ಮೊದಲ ಇಲಿಗೋಳನ್ನ ಛಲೋ ಉಣಿಸ್ರಿ. ಕಾಳು, ಮೊಳಕಿ, ಸೊಪ್ಪು, ಗಜ್ಜರಿ, ನಡುನಡುವ ಒಂಚೂರು ಕುದಿಸಿದ ಮೊಟ್ಟಿ."

ಅತ್ತೆ ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತಿದ್ದರು. ಅವರು ಕೇಳಿಸಿಕೊಳ್ಳುತ್ತಿದ್ದಾರೆಂದು ನಾವು ತಿಳಿದಿರಲಿಲ್ಲ. ಮಗನ ಮುಖವನ್ನೇ ದಿಟ್ಟಿಸಿ, "ಹಸದ ಹೊಟ್ಟಿಲೆ ಕಳಸ್ತಿದ್ದೇನೋ ಅವನ್ನ?" ಎಂದರು.

ಆ ಮಾತಿನ ಹಿಂದೆ ಏನಿತ್ತು ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಮಾವನಿಗೆ ಎದೆನೋವು ಬಂದದ್ದು ಒಂದು ನಸುಕಿನಲ್ಲಿ. ಅವರನ್ನು ಬಾಗಲಕೋಟೆಗೆ ಒಯ್ಯುವ ಗಡಿಬಿಡಿಯಲ್ಲಿ ಅತ್ತೆ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಬುತ್ತಿ ಕಟ್ಟಿ ಕೈಚೀಲದಲ್ಲಿ ಹಾಕಿದ್ದರು. ಸಂಜೆ ಮಾವನ ದೇಹದ ಜೊತೆ ಆ ಬುತ್ತಿಯೂ ಬಿಚ್ಚದೆ ಮರಳಿ ಬಂತು. ಅತ್ತೆ ಸಾವಿಗಾಗಿ ಅತ್ತದ್ದಕ್ಕಿಂತ ಆ ಬುತ್ತಿಗಾಗಿ ಅತ್ತದ್ದೇ ಹೆಚ್ಚು. "ಉಣದ ಹ್ವಾದ್ರು" ಎಂದು ಇಂದಿಗೂ ಅನ್ನುತ್ತಾರೆ. ಅದಾದ ಮೇಲೆ ನಮ್ಮ ಮನೆಯಿಂದ ಯಾರೂ ಬರಿ ಹೊಟ್ಟೆಯಲ್ಲಿ ಹೊರಗೆ ಹೋದದ್ದಿಲ್ಲ. ಮೀಟರ್ ನೋಡಲು ಬಂದವರಿಗೂ, ರವಿಕೆ ಹೊಲಿಸಲು ಗುಳೇದಗುಡ್ಡದ ಖಣ ಹಿಡಿದು ಬಂದವರಿಗೂ ಏನಾದರೂ ಒಂದು ತುತ್ತು ಇದ್ದೇ ಇರುತ್ತದೆ.

ಮರುದಿನದಿಂದ ಇಲಿಗಳು ಅತ್ತೆಯ ಪಾಲಾದವು.

ಡಾಕ್ಟರು ಹೇಳಿದ್ದರಲ್ಲಿ ಮೊಟ್ಟೆಯೊಂದನ್ನು ಬಿಟ್ಟು ಉಳಿದುದೆಲ್ಲ ನಡೆಯಿತು. ಮೊಟ್ಟೆಯ ಮಾತೆತ್ತಿದ ಮಗನಿಗೆ, "ನಿಮ್ಮಪ್ಪ ಇದ್ದಾಗ ಈ ಮನಿಯೊಳಗ ಮೊಟ್ಟಿ ಬಂದಿತ್ತೇನು? ಈಗ ಇಲಿ ಸಲುವಾಗಿ ತರ್ತಿಯೇನು?" ಎಂದು ಕೇಳಿ ಬಾಯಿ ಮುಚ್ಚಿಸಿದರು. ಇಲಿಯನ್ನು ಹಾವಿಗೆ ಕೊಡಬಹುದು, ಇಲಿಗೆ ಮೊಟ್ಟೆ ಕೊಡಬಾರದು! ಈ ಲೆಕ್ಕ ನನ್ನ ತಲೆಗೆ ಹತ್ತಲಿಲ್ಲ, ಆದರೆ ಅತ್ತೆಯ ಜೊತೆ ವಾದಕ್ಕಿಳಿಯುವ ಹುಚ್ಚು ನನಗಿಲ್ಲ. ಮೊಟ್ಟೆಯ ಬದಲಿಗೆ ಪುಠಾಣಿ, ಅಂದರೆ ಹುರಿಗಡಲೆ ಬಂತು. ರಾತ್ರಿ ನೆನೆಹಾಕಿದ ಮಡಕಿ ಕಾಳು ಬಟ್ಟೆಯಲ್ಲಿ ಮೊಳಕೆ ಒಡೆಯುತ್ತಿತ್ತು, ಮೊದಲ ಹಿಡಿ ಇಲಿಗಳಿಗೆ, ಆಮೇಲೆ ನಮ್ಮ ಪಲ್ಯಕ್ಕೆ. ಸಜ್ಜೆ, ಒಂದೆರಡು ಶೇಂಗಾ, ಮೆಂತ್ಯೆ ಸೊಪ್ಪು, ತೆಳ್ಳಗೆ ಹೆಚ್ಚಿದ ಗಜ್ಜರಿ. ತಾಟಿನಲ್ಲಿ ಸಾಲಾಗಿ ಜೋಡಿಸಿಕೊಂಡು ಮಗ್ಗದ ಕೋಣೆಗೆ ಹೋಗುತ್ತಿದ್ದರು. "ಉಣ್ರಿ, ಉಣ್ರಿ. ಜಗಳಾಡಬ್ಯಾಡ್ರಿ, ಎಲ್ಲಾರಿಗೂ ಐತಿ" ಎಂಬ ಅವರ ದನಿ ಹೊಲಿಗೆ ಯಂತ್ರದ ನಡುವೆಯೂ ನನಗೆ ಕೇಳುತ್ತಿತ್ತು. ಈಗ ಹಾಸ್ಟೆಲಿನಲ್ಲಿ ಓದುತ್ತಿರುವ ಮಗಳು ಹುಟ್ಟಿದಾಗ, ನನ್ನ ಬಾಣಂತನದಲ್ಲಿ ಕೂಡ ಇಷ್ಟು ಉಪಚಾರ ಆಗಿರಲಿಲ್ಲ ಎಂದು ನಾನು ಒಮ್ಮೆ ಚುಚ್ಚಿದೆ. "ನೀ ಉಣ್ಣಾಕ ತಕರಾರ ಮಾಡ್ತಿದ್ದಿ, ಇವು ಮಾಡೂದಿಲ್ಲ" ಎಂದರು.

ಹಾವಿಗೆ ಇಲಿ ಕೊಡುವ ದಿನ ನನ್ನವರು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಜೀವಂತ ಇಲಿ ಬಿಟ್ಟರೆ ಅದು ಹಾವನ್ನೇ ಕಚ್ಚಬಹುದೆಂದು ಡಾಕ್ಟರು ಹೇಳಿದ್ದರಿಂದ, ಇಲಿಗೆ ನೋವಾಗದಂತೆ ಮೊದಲು ಏನು ಮಾಡಬೇಕೋ ಅದನ್ನು ಅವರೇ ಮಾಡುತ್ತಿದ್ದರು. ನಾನು ನೋಡಿಲ್ಲ, ಕೇಳಿಲ್ಲ. ಅತ್ತೆ ಮಾತ್ರ ಬಾಗಿಲು ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇಲಿ ಉಂಡೈತಿಲ್ಲೋ?" ಮಗ "ಹೂಂ" ಎಂದ ಮೇಲೆಯೇ ಅಡುಗೆಮನೆಗೆ ಹೋಗುತ್ತಿದ್ದರು.

ಬೇಸಿಗೆ ಮುಗಿಯುವ ಹೊತ್ತಿಗೆ ಬೀಗರು ತುಂಬಿಕೊಂಡರು. ಪೊರೆ ಕಾಲುಚೀಲ ಕಳಚಿದಷ್ಟು ಸಲೀಸಾಗಿ ಇಡಿಯಾಗಿ ಬಂತು. ಅತ್ತೆ ಅದನ್ನು ಅಕ್ಕಪಕ್ಕದವರಿಗೆಲ್ಲ ತೋರಿಸಿ ಬಂದರು. ಮೂಗು ಮುರಿಯುತ್ತಿದ್ದ ಓಣಿಯ ಹೆಂಗಸರು ಈಗ, "ನಿಮ್ಮ ಬೀಗರು ಆರಾಮದಾರೇನ್ರಿ?" ಎಂದು ಕೇಳತೊಡಗಿದರು. ಅತ್ತೆಯ ಕೈ ಇನ್ನೂ ಧಾರಾಳವಾಯಿತು. ಬರಿ ಕಾಳು ತಿಂದು ಇಲಿಗಳ ನಾಲಗೆ ಕೆಟ್ಟಿರಬೇಕೆಂದು ಖಡಕ್ ರೊಟ್ಟಿ ಮುರಿದು, ಅದಕ್ಕೆ ಎಣ್ಣೆ, ಶೇಂಗಾ ಚಟ್ನಿ ಕಲಸಿ ಇಡುವುದು ಶುರುವಾಯಿತು. ಇಲಿಗಳು ಮುಗಿಬಿದ್ದು ತಿನ್ನುತ್ತಿದ್ದವು. ನಮ್ಮ ಮನೆಯ ಚಟ್ನಿಯನ್ನು ಬೇಡವೆಂದವರನ್ನು ನಾನೂ ಕಂಡಿಲ್ಲ.

ಮುಂಗಾರು ಬಂತು. ಬೀಗರು ಊಟ ಬಿಟ್ಟರು.

ಮೊದಲ ಸಲ ಇಲಿಯ ಹತ್ತಿರ ಬಂದು, ಸೀಳು ನಾಲಗೆ ಎರಡು ಸಲ ಆಡಿಸಿ, ಹಿಂದೆ ಸರಿದು ಸುತ್ತಿಕೊಂಡಿತಂತೆ. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರ ಮೂಗು ತಿರುಗಿಸಿ ಗಾಜಿಗೆ ಒತ್ತಿಕೊಂಡಿತು. ಫೋನಿನಲ್ಲಿ ಡಾಕ್ಟರು, ಈ ಜಾತಿ ಹೀಗೆ ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಇರುತ್ತದೆ, ತೂಕ ತೀರ ಇಳಿದರೆ ಮಾತ್ರ ಕರೆತನ್ನಿ ಎಂದರು. ನನ್ನವರು ಸಮಾಧಾನಪಟ್ಟರು. ಅತ್ತೆ ಪಡಲಿಲ್ಲ. ಇಲಿಗಳ ಊಟದಲ್ಲಿ ಸತ್ವ ಸಾಲುತ್ತಿಲ್ಲವೆಂದು ಚಟ್ನಿಯನ್ನು ಇನ್ನಷ್ಟು ಹೆಚ್ಚಿಸಿದರು. ಅದೂ ಫಲ ಕೊಡದಿದ್ದಾಗ ಒಂದು ಸಂಜೆ ತಾಟಿನ ಮುಂದಿನಿಂದ ಎದ್ದುಬಿಟ್ಟರು.

"ಅದು ನನ್ನ ಕೈಯಾಗಿನ ಊಟಕ್ಕ ಬಂದ ಮ್ಯಾಲೆ ಉಪಾಸ ಬಿದ್ದೈತಿ. ಅದು ಉಣ್ಣೂತನಕ ನಾನೂ ರಾತ್ರಿ ರೊಟ್ಟಿ ಮುಟ್ಟೂದಿಲ್ಲ."

"ಯವ್ವಾ, ಅದು ಹಾವು. ಅದಕ್ಕ ನೀ ಉಂಡಿದ್ದು ಬಿಟ್ಟಿದ್ದು ತಿಳಿತೈತೇನು?" ಎಂದರು ನನ್ನವರು.

"ನನಗ ತಿಳಿತೈತಲ್ಲ."

ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆ ಎಂಬುದು ಇಡೀ ಓಣಿಗೆ ಗೊತ್ತು. ನಾನು ಬೇಡಿಕೊಂಡೆ, ಬೈದೆ, ಮಾತು ಬಿಟ್ಟೆ. ಒಂದು ಲೋಟ ಹಾಲಿಗೆ ಒಪ್ಪಿದರು, ಅಷ್ಟೇ. ಒಂದು ಮುಂಜಾನೆ ಹೂ ಕೊಯ್ಯಲು ಹಿತ್ತಲಿಗೆ ಹೋದವರು ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ಕುಸಿದರು. ಮೈಯೆಲ್ಲ ಬೆವರು, ಕೈ ಥರಥರ ನಡುಗುತ್ತಿತ್ತು. ನಾನು ಓಡಿ ಹೋಗಿ ಬಾಯಿಗೆ ಸಕ್ಕರೆ ಹಾಕಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಇಲಿಗೆ ಹಾಕಿದೇನು?" ಎಂದರು. ನನ್ನ ಪಿತ್ತ ನೆತ್ತಿಗೇರಿತು. ಹೆದರಿಕೆಯಲ್ಲಿ ಬರುವ ಸಿಟ್ಟು ಎಷ್ಟು ಕೆಟ್ಟದ್ದೆಂದು ನನಗೆ ಅಂದು ತಿಳಿಯಿತು. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಆ ಹಾವಿಗೆ ಬಾಯಿಗೆ ಬಂದಂತೆ ಬೈದೆ. ಅದು ನಮ್ಮ ಅಪ್ಪನ ಹಾಗೆಯೇ ಸುಮ್ಮನೆ ಕೇಳಿಸಿಕೊಂಡಿತು.

ದವಾಖಾನೆಯವರು ಗುಳಿಗೆಯನ್ನು ಕಡಿಮೆ ಮಾಡಿಕೊಟ್ಟು, ಹೀಗೇ ಮುಂದುವರಿದರೆ ಮುಂದಿನ ಸಲ ಮನೆಯಲ್ಲಿ ಸುಧಾರಿಸಲಿಕ್ಕಿಲ್ಲ ಎಂದು ಎಚ್ಚರಿಸಿದರು. ಹಾವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದರು ನನ್ನವರು. "ಉಪಾಸ ಇದ್ದಿದ್ದನ್ನ ಮನಿಯಿಂದ ಹೊರಗ ಹಾಕ್ತಿಯೇನು?" ಎಂದು ಅತ್ತೆ ಅದಕ್ಕೂ ಬಿಡಲಿಲ್ಲ. ಹೀಗೆ ಒಂದು ಹಾವು ಬಾಯಿ ತೆರೆಯುತ್ತದೋ ಇಲ್ಲವೋ ಎಂಬುದರ ಮೇಲೆ ನಮ್ಮ ಮನೆಯ ಹಿರಿಯ ಜೀವ ನಿಂತಿತು.

ಶ್ರಾವಣಕ್ಕೆ ಇನ್ನೂ ಎರಡು ವಾರವಿತ್ತು. ಆ ಸಲ ಅತ್ತೆ ಹಾವಿನ ಸಲುವಾಗಿ ಇನ್ನೊಂದು ನೇಮ ಹಿಡಿದರು: ಅಂದಿನಿಂದ ಶ್ರಾವಣ ಮುಗಿಯುವ ತನಕ ಬೆಳ್ಳುಳ್ಳಿ, ಉಳ್ಳಾಗಡ್ಡಿ ಇಲ್ಲ. ಅವರೊಬ್ಬರಿಗೆ ಬೇರೆ ಅಡುಗೆ ಏಕೆಂದು ನಾನೂ ಬೆಳ್ಳುಳ್ಳಿಯ ಬುಟ್ಟಿಯನ್ನು ಮಾಳಿಗೆಗೆ ಏರಿಸಿದೆ. ಮನೆಯವರಿಗೆಲ್ಲ ಒಂದು ನೇಮ, ಇಲಿಗಳಿಗೆ ಇನ್ನೊಂದು ಇರಬಾರದೆಂದು ಅವುಗಳ ಚಟ್ನಿಯನ್ನೂ ಅತ್ತೆ ನಿಲ್ಲಿಸಿದರು. ನಾಗರ ಪಂಚಮಿ ಹತ್ತಿರ ಬಂದಿತ್ತು. ನಾನು ತಂಬಿಟ್ಟಿಗೆ, ಅಳ್ಳಿಟ್ಟಿಗೆ ಹುರಿಯುವುದರಲ್ಲಿ ಮುಳುಗಿದ್ದೆ. ಆಗ ಮಗ್ಗದ ಕೋಣೆಯಿಂದ ಅತ್ತೆ ಕರೆದರು.

"ತಂಗೀ, ಒಂಚೂರು ಇಲ್ಲಿ ಬಾ."

ಇಲಿಗಳ ಡಬ್ಬ ತೊಳೆಯಲೆಂದು ಅವುಗಳನ್ನು ಬುಟ್ಟಿಗೆ ಹಾಕಿದ್ದರು. ಒಂದು ದಪ್ಪ ಬಿಳಿ ಇಲಿ ಅವರ ಅಂಗೈಯಲ್ಲಿತ್ತು. ಅದನ್ನು ನನ್ನ ಮೂಗಿಗೆ ಹಿಡಿದರು. ನಾನು ಹಿಂದೆ ಸರಿದೆ.

"ಮೂಸಿ ನೋಡು, ಕಡಿಯೂದಿಲ್ಲ. ಏನ್ ವಾಸನಿ ಬರ್ತೈತಿ?"

ಮೂಸಿದೆ. ಬೆಳ್ಳುಳ್ಳಿ. ಅನುಮಾನವೇ ಇಲ್ಲ, ಇಲಿಯ ಮೈಯಿಂದಲೇ ಘಮ್ಮೆಂದು ಬೆಳ್ಳುಳ್ಳಿ ಹೊಡೆಯುತ್ತಿತ್ತು. ನಮ್ಮ ಶೇಂಗಾ ಚಟ್ನಿಗೆ ಅತ್ತೆ ಹಾಕುವ ಬೆಳ್ಳುಳ್ಳಿ ಶೇಂಗಾಕ್ಕಿಂತ ಕಡಿಮೆಯೇನಲ್ಲ. ಇಷ್ಟು ದಿನ ನಮ್ಮ ಕೈ, ಬಾಯಿ, ಬಟ್ಟೆ, ಗೋಡೆ ಎಲ್ಲಕ್ಕೂ ಅದೇ ವಾಸನೆ ಇದ್ದಾಗ ಇಲಿಯದ್ದು ಯಾರಿಗೆ ಬರಬೇಕು? ಮನೆಯಲ್ಲಿ ಬೆಳ್ಳುಳ್ಳಿ ನಿಂತು ಮೂಗು ತಿಳಿಯಾದ ಮೇಲೆ ಅತ್ತೆಗೆ ಅದು ಸಿಕ್ಕಿತ್ತು.

ರಾಮಥಾಳದ ಕಡೆ ನನ್ನ ತವರಿನ ಹೊಲ. ಕಣದಲ್ಲಿ ಜೋಳದ ಬಣವೆ ಒಟ್ಟಿದ ಮೇಲೆ ಅಪ್ಪ ಬೆಳ್ಳುಳ್ಳಿ ಜಜ್ಜಿ ಸುತ್ತಲೂ ಚೆಲ್ಲುತ್ತಿದ್ದರು. ಹಾವು ಬರಬಾರದೆಂದು. ಚಿಕ್ಕಂದಿನಿಂದ ಅದನ್ನು ನೋಡುತ್ತ ಬೆಳೆದವಳು ನಾನು. ಅತ್ತೆಗೆ ಹೇಳಿದೆ. ಅವರು ಇಲಿಯನ್ನು ಬುಟ್ಟಿಗೆ ಬಿಟ್ಟು, ಗ್ರಾನೈಟ್ ಕಲ್ಲಿನ ಮೇಲೆ ಮೆಲ್ಲಗೆ ಕೂತರು.

"ಹಂಗಾರ ನಾನ ಅದನ್ನ ಉಪಾಸ ಕೆಡವಿದ್ನೇನು?"

ಆ ಮುಖ ನೋಡಲಾಗಲಿಲ್ಲ. ಡಾಕ್ಟರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಬೆಳ್ಳುಳ್ಳಿಯದ್ದೂ ಅತ್ತೆಯ ಉಪವಾಸದ್ದೂ ಹೇಳಿ ಅವರ ಕೈಗೇ ಕೊಟ್ಟೆ. ಡಾಕ್ಟರು ಬಹಳ ಹೊತ್ತು ನಕ್ಕರು. ಆಮೇಲೆ ಅತ್ತೆಗೆ ಕೇಳಿಸುವಂತೆ ನಿಧಾನವಾಗಿ ಹೇಳಿದರು: "ಖರೆ ಅದ ಕಾರಣ ಅಂತ ನಾ ಹೇಳಾಕ ಬರೂದಿಲ್ಲ ಅಮ್ಮಾರ. ಅದು ತಾನ ಬಿಟ್ಟಿದ್ರೂ ಬಿಟ್ಟಿರಬೇಕು. ಆದ್ರ ಹಾವಿಗೆ ವಾಸನಿನ ಎಲ್ಲಾ. ಮತ್ತ ಬೆಳ್ಳೊಳ್ಳಿ, ಖಾರ, ಉಪ್ಪು ಇಲಿಗೂ ಛಲೋ ಅಲ್ಲ. ಡಬ್ಬಿ ತೊಳೀರಿ, ಬರೇ ಕಾಳು ಸೊಪ್ಪು ಹಾಕ್ರಿ, ಒಂದಿಷ್ಟು ದಿನ ಬಿಟ್ಟು ಕೊಟ್ಟು ನೋಡ್ರಿ. ನೀವು ಮಾತ್ರ ಊಟ ಬಿಡಬ್ಯಾಡ್ರಿ."

ಕೊನೆಯ ಮಾತನ್ನು ಕೇಳಿಸಿಕೊಳ್ಳದವರಂತೆ ಅತ್ತೆ ಫೋನನ್ನು ನನಗೆ ಕೊಟ್ಟರು.

ಅಂದೇ ಡಬ್ಬವನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಟ್ಟೆವು, ಹೊಸ ಹೊಟ್ಟು ಹಾಸಿದೆವು. ಇಲಿಗಳಿಗೆ ಮತ್ತೆ ಮಡಕಿ ಮೊಳಕೆ, ಸಜ್ಜೆ, ಪುಠಾಣಿ, ಮೆಂತ್ಯೆ. ದಿನವೂ ಮುಂಜಾನೆ ಅತ್ತೆ ಒಂದೊಂದನ್ನೇ ಎತ್ತಿ ಮೂಸಿ ನೋಡುತ್ತಿದ್ದರು. ಮೊದಲು ತಲೆಯಾಡಿಸಿ ಕೆಳಗಿಡುತ್ತಿದ್ದರು. ಬರಬರುತ್ತ ಮೂಸುವ ಹೊತ್ತು ಹೆಚ್ಚಿತು. ನಾನೂ ಮೂಸತೊಡಗಿದೆ. ಅತ್ತೆ ಸೊಸೆ ಎದುರುಬದುರು ಕೂತು ಇಲಿ ಮೂಸುವುದನ್ನು ಯಾರಾದರೂ ಕಿಟಕಿಯಿಂದ ನೋಡಿದ್ದರೆ, ಹಾವಿಗಿಂತ ನಮ್ಮನ್ನೇ ಮೊದಲು ಬಾಗಲಕೋಟೆಗೆ ಒಯ್ಯುತ್ತಿದ್ದರು.

ಹಬ್ಬದ ಮುನ್ನಾದಿನ, ರೊಟ್ಟಿ ಪಂಚಮಿಗೆ, ಓಣಿಯ ಮನೆಗಳಿಂದ ನಮ್ಮಲ್ಲಿಗೆ ರೊಟ್ಟಿಯ ಗಂಟುಗಳು ಬಂದವು, ನಮ್ಮಿಂದಲೂ ಹೋದವು. ಅತ್ತೆ ಎಲ್ಲರಿಗೂ ಕಟ್ಟಿಕೊಟ್ಟರು, ರಾತ್ರಿ ತಾವು ಮಾತ್ರ ಮುಟ್ಟಲಿಲ್ಲ. ಮರುದಿನ ಮಣ್ಣಿನ ನಾಗಪ್ಪನಿಗೆ ಹಾಲೆರೆದೆವು. ಆ ದಿನ ನಮ್ಮಲ್ಲಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದಿಲ್ಲ, ಏನನ್ನೂ ಕೊಯ್ಯುವುದಿಲ್ಲ, ಕೊಲ್ಲುವ ಮಾತಂತೂ ದೂರ. ಹೀಗಾಗಿ ಹಾವಿಗೆ ಇಲಿಯನ್ನೂ ಕೊಡಲಿಲ್ಲ. ಹಾಲೆರೆದು ಅತ್ತೆ ಹಣೆಯನ್ನು ನೆಲಕ್ಕೆ ಹಚ್ಚಿದರು. ಬೇಡಿಕೊಂಡದ್ದು ಏನೆಂದು ನಾನು ಕೇಳಲಿಲ್ಲ. ನಾನೂ ಅದನ್ನೇ ಬೇಡಿಕೊಂಡಿದ್ದೆ.

ಹಬ್ಬ ಕಳೆದ ಮೇಲೆ ಒಂದು ಮುಂಜಾನೆ ಅತ್ತೆ ಒಂದು ಇಲಿಯನ್ನು ಮೂಸಿ, ಇನ್ನೊಮ್ಮೆ ಮೂಸಿ, ನನ್ನ ಕೈಗೆ ಕೊಟ್ಟರು. ಹೊಟ್ಟಿನ ವಾಸನೆ, ಮೆಂತ್ಯೆಯ ವಾಸನೆ, ಅಷ್ಟೇ. ಆ ದಿನ ನನ್ನವರಿಗೆ ಕಾರ್ಖಾನೆಗೆ ರಜೆ. ಸಂಜೆ ಅವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಪಡಸಾಲೆಯಲ್ಲಿ ಕೂತೆವು. ನನ್ನ ಕೈಯಲ್ಲಿ ಅರ್ಧ ಹೊಲಿದ ರವಿಕೆಯಿತ್ತು, ಸೂಜಿ ಎಲ್ಲಿ ಚುಚ್ಚುತ್ತಿದ್ದೆನೋ ದೇವರಿಗೇ ಗೊತ್ತು. ಅತ್ತೆಯ ತುಟಿ ಅಲುಗುತ್ತಿತ್ತು.

ಬಾಗಿಲು ತೆರೆಯಿತು. ನನ್ನವರು ಹೊರಗೆ ಬಂದರು. ಅವರ ಕಣ್ಣು ತುಂಬಿತ್ತು.

"ಯವ್ವಾ" ಎಂದರು, "ಬೀಗರು ಉಂಡ್ರು."

ಹೋದ ಜೀವ ಬಂದಂತಾಯಿತು. ನಾನು ಎದ್ದು ಓಡಿ ಹೋಗಿ ನೋಡಿದೆ. ಗಾಜಿನ ಹಿಂದೆ ಬೀಗರು ನಿಧಾನವಾಗಿ ಸುತ್ತಿಕೊಳ್ಳುತ್ತಿದ್ದರು, ಕುತ್ತಿಗೆಯ ಕೆಳಗೆ ಗುಂಡಗೆ ಉಬ್ಬಿತ್ತು. ಅಷ್ಟು ಬೈದ ಬಾಯಿಂದಲೇ, "ನಿನ್ನ ಹೊಟ್ಟಿ ತಣ್ಣಗಿರಲಿ" ಎಂದೆ. ಸತ್ಯವಾಗಿಯೂ ಹಾಗೆಯೇ ಅನ್ನಿಸಿತ್ತು. ಬೆಳ್ಳುಳ್ಳಿ ಹೋಗಿದ್ದರಿಂದಲೋ, ಅದರ ಉಪವಾಸದ ಕಾಲ ತಾನಾಗಿ ಮುಗಿದಿದ್ದರಿಂದಲೋ, ನಾಗಪ್ಪ ಅತ್ತೆಯ ಮೊರೆ ಕೇಳಿದ್ದರಿಂದಲೋ, ನನಗೆ ಇಂದಿಗೂ ಗೊತ್ತಿಲ್ಲ. ತಿಳಿದುಕೊಳ್ಳಬೇಕೆಂಬ ಹಟವೂ ನನಗಿಲ್ಲ.

ಹಂಚು ಇಟ್ಟೆ. ಬಡಿದ ಮೊದಲ ರೊಟ್ಟಿ ಉಬ್ಬಿತು. ಅದನ್ನು ಬೆಣ್ಣೆ, ಬದನೆಕಾಯಿ ಪಲ್ಯದ ಜೊತೆ ಅತ್ತೆಯ ತಾಟಿಗೆ ಹಾಕಿದೆ. ಬೆಳ್ಳುಳ್ಳಿ ಇಲ್ಲದ ಪಲ್ಯ. ನನ್ನವರೂ ಪಕ್ಕದಲ್ಲಿ ಬಂದು ಕೂತರು. ಅತ್ತೆ ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತನ್ನು ಬಾಯಿಯವರೆಗೆ ಒಯ್ದವರು ಅಲ್ಲೇ ತಡೆದರು. ಮತ್ತೇನು ನೇಮ ನೆನಪಾಯಿತೋ ಎಂದು ನಾನು ಹಂಚಿನ ಮುಂದಿನಿಂದ ತಿರುಗಿ ನೋಡಿದೆ.

"ಗಡಿಬಿಡಿಯೊಳಗ ಕೇಳೂದ ಮರತೆ ನೋಡು" ಎಂದರು ಮಗನಿಗೆ. "ಆ ಇಲಿ ಉಂಡಿತ್ತಿಲ್ಲೋ?"

"ಉಂಡಿತ್ತವ್ವ. ಮಡಕಿ ಕಾಳು ಪೂರಾ ತಿಂದಿತ್ತು."

ಅತ್ತೆ ತುತ್ತನ್ನು ಬಾಯಿಗಿಟ್ಟುಕೊಂಡರು.